ಓಡಂ ಏರಿ ಬರುತ್ತಿದ್ದ ಚಳಿಗಾಲ

ಬೆಂಗಳೂರಿನ ರಾಮಮೂರ್ತಿ ನಗರದವರಿಗೆ ಸಮುದ್ರವೆಂಬುದು ದೂರದ ಮಾತು. ಹತ್ತಿರದಲ್ಲಿರುವುದು ಕಲ್ಕೆರೆ ಕೆರೆ. ದೋಣಿಯ ಆಸೆಯಾದರೆ ಹಲಸೂರು ಕೆರೆಯವರೆಗೆ ಹೋಗಬೇಕು. ಕಡಲನ್ನೇ ನೋಡಬೇಕೆಂದರೆ ರಾತ್ರಿ ಬಸ್ಸು ಹಿಡಿದು, ಶಿರಾಡಿ ಘಾಟಿ ಇಳಿದು, ಮಂಗಳೂರು ಸೇರಬೇಕು. ಏನಿಲ್ಲವೆಂದರೂ 350 ಕಿಲೋಮೀಟರು. ವಿಚಿತ್ರವೆಂದರೆ, ಆ ಮಂಗಳೂರಿನ ಅಳಿವೆಯಿಂದ ನೈರುತ್ಯಕ್ಕೆ ಹೊರಟವನಿಗೆ ಅದಕ್ಕಿಂತ ಕಡಿಮೆ ದೂರದಲ್ಲಿ ಹವಳದ ದ್ವೀಪ ಸಿಗುತ್ತದೆ. ಕಿಲ್ತಾನ್ ಸುಮಾರು 250 ಕಿಲೋಮೀಟರು, ಅಮಿನಿ 300. ಇವುಗಳ ಜೊತೆಗೆ ಚೆತ್ಲಾತ್, ಕದ್ಮತ್ ಮತ್ತು ಬಿತ್ರಾ. ಈ ಐದಕ್ಕೂ ಸೇರಿ ಅಮೀನ್‌ದಿವಿ ದ್ವೀಪಗಳೆಂದು ಹೆಸರು. 1956ರವರೆಗೆ ಇವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು ಎಂಬುದು ಇಂದು ಎಷ್ಟು ಕನ್ನಡಿಗರಿಗೆ ನೆನಪಿದೆಯೋ!

ಯುರೋಪಿನ ಉಳ್ಳವರಿಗೆ ಚಳಿಗಾಲದಲ್ಲೊಂದು ಹವ್ಯಾಸವುಂಟು. ನವೆಂಬರಿನಲ್ಲಿ ಕೆನರಿ ದ್ವೀಪಗಳಿಂದ ಹಾಯಿದೋಣಿ ಬಿಟ್ಟು, ವಾಣಿಜ್ಯ ಮಾರುತದ ಬೆನ್ನೇರಿ ಅಟ್ಲಾಂಟಿಕ್ ದಾಟಿ, ಕೆರಿಬಿಯನ್ನಿನ ದ್ವೀಪದಿಂದ ದ್ವೀಪಕ್ಕೆ ಅಲೆಯುತ್ತ ಬಿಸಿಲು ಕಾಯಿಸಿಕೊಳ್ಳುವುದು. ಅಮೀನ್‌ದಿವಿಯವರೂ ತಲೆಮಾರುಗಳ ಕಾಲ ಚಳಿಗಾಲವನ್ನು ಹಾಯಿಹಡಗಿನಲ್ಲೇ ಕಳೆದವರು. ಆದರೆ ಅವರು ಹೊರಟಿದ್ದು ಅಕ್ಕಿಗಾಗಿ.

ಹವಳದ ಮರಳಿನ ಮೇಲೆ ತೆಂಗು ಬೆಳೆಯುತ್ತದೆ, ಭತ್ತ ಬೆಳೆಯುವುದಿಲ್ಲ. ಈ ದ್ವೀಪಗಳಲ್ಲಿ ಹೊಳೆಯಿಲ್ಲ, ತೊರೆಯಿಲ್ಲ. ಮಳೆನೀರು ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಬಾವಿಯಲ್ಲಿ ಸಿಗುವ ಸಿಹಿನೀರು ಅಷ್ಟೆ. ಹೀಗಾಗಿ ಹೆಂಗಸರು ತೆಂಗಿನ ಸಿಪ್ಪೆಯನ್ನು ಕೊಳೆಹಾಕಿ, ಬಡಿದು, ನಾರು ತೆಗೆದು ಹುರಿ ಹೊಸೆಯಬೇಕು. ಗಂಡಸರು ಆ ಹುರಿಯನ್ನೂ ಕೊಬ್ಬರಿಯನ್ನೂ ಓಡಂನಲ್ಲಿ ತುಂಬಿ ಮಂಗಳೂರಿಗೆ ಒಯ್ಯಬೇಕು. ವಾಪಸು ಬರುವಾಗ ಅಕ್ಕಿ ತರಬೇಕು. ಬಂದರೆ ಊಟ, ಬಾರದಿದ್ದರೆ ಇಲ್ಲ.

ಓಡಂ ಎಂದರೆ ಹಲಗೆಗಳನ್ನು ಮೊಳೆಯಿಲ್ಲದೆ ಹುರಿಯಿಂದಲೇ ಹೊಲಿದು ಕಟ್ಟುತ್ತಿದ್ದ ಹಾಯಿಹಡಗು. ಮುಂಗಾರು ಶುರುವಾಗುವ ಮೊದಲೇ ಅದನ್ನು ದಡಕ್ಕೆಳೆದು ತೆಂಗಿನ ಗರಿಯ ಚಪ್ಪರದಡಿ ಮಲಗಿಸುತ್ತಿದ್ದರು. ನಾಲ್ಕು ತಿಂಗಳು ಯಾರೂ ಕಡಲಿನತ್ತ ಹೋಗುವಂತಿಲ್ಲ. ಮಳೆ ಹಿಂದೆಗೆದ ಮೇಲೆ ನೀರಿಗಿಳಿದರೆ ಮುಂದಿನ ಬೇಸಗೆಯವರೆಗೆ ಓಡಾಟ. ಚಳಿಗಾಲದಲ್ಲಿ ಬೀಸುವ ಈಶಾನ್ಯದ ಗಾಳಿ ಮಂಗಳೂರಿನಿಂದ ದ್ವೀಪಕ್ಕೆ ಹೋಗುವವನ ಬೆನ್ನಿಗಿರುತ್ತದೆ, ದ್ವೀಪದಿಂದ ಬರುವವನಿಗೆ ಅದೇ ಗಾಳಿ ಎದುರು. ಫೆಬ್ರುವರಿ ಕಳೆದು ವಾಯವ್ಯದ ಗಾಳಿ ಬಲಗೊಂಡಾಗ ಬರುವ ದಾರಿಯೂ ಸಲೀಸು. ಇವೆರಡರ ನಡುವೆ ಗಾಳಿಯೇ ಬೀಳುವ ದಿನಗಳೂ ಉಂಟು. ಹಾಯಿ ಜೋಲುಬಿದ್ದು, ಕುಡಿಯುವ ನೀರು ಇಳಿಯುತ್ತ, ಕನ್ನಡಿಯಂಥ ಕಡಲಿನ ನಡುವೆ ಕೂತಿರುವುದಕ್ಕಿಂತ ಸಣ್ಣ ಬಿರುಗಾಳಿಯೇ ವಾಸಿ ಎನ್ನಿಸಿದ್ದರೆ ಆಶ್ಚರ್ಯವಿಲ್ಲ.

ಹೆಚ್ಚಿನ ಭಯ ದಾರಿ ತಪ್ಪುವುದರದು. ಸಮುದ್ರಮಟ್ಟದಿಂದ ಕೆಲವೇ ಮೀಟರು ಎತ್ತರದ ಈ ನೆಲ ದೂರಕ್ಕೆ ಕಾಣುವುದೇ ಇಲ್ಲ. ಮೊದಲು ಕಾಣುವುದು ತೆಂಗಿನ ತಲೆಗಳು. ಅವುಗಳನ್ನು ತಪ್ಪಿಸಿಕೊಂಡವನಿಗೆ ಮುಂದೆ ಸಿಗುವುದು ಆಫ್ರಿಕಾ, ಇಲ್ಲವೆ ಅರೇಬಿಯಾ. ದಾರಿ ಹೇಳುವವನು ಮಾಲ್ಮಿ. ಅವನ ಬಳಿ ಅರಬ್ಬಿ-ಮಲಯಾಳದಲ್ಲಿ ಬರೆದ ‘ರಹ್ಮಾನಿ’ ಎಂಬ ಕೈಬರಹದ ನೌಕಾಶಾಸ್ತ್ರ ಇರುತ್ತಿತ್ತು. ಗಂಟು ಹಾಕಿದ ದಾರ ಕಟ್ಟಿದ ಮರದ ಬಿಲ್ಲೆಯೊಂದನ್ನು ಕಣ್ಣಮುಂದೆ ಹಿಡಿದು ನಕ್ಷತ್ರದ ಎತ್ತರವನ್ನು ಬೆರಳಿನ ಲೆಕ್ಕದಲ್ಲಿ ಅಳೆಯುತ್ತಿದ್ದ. ಧ್ರುವ ನಕ್ಷತ್ರ ಮಂಗಳೂರಿನಲ್ಲಿ ಸುಮಾರು 13 ಡಿಗ್ರಿ ಎತ್ತರದಲ್ಲಿದ್ದರೆ ಅಮಿನಿಯಲ್ಲಿ 11. ಕೈಯನ್ನು ಮುಂದೆ ಚಾಚಿ ಅಡ್ಡ ಹಿಡಿದ ಒಂದು ಬೆರಳಿನಷ್ಟು ವ್ಯತ್ಯಾಸ! ಆ ಒಂದು ಬೆರಳಿನ ಮೇಲೆ ಇಡೀ ಓಡಂನ ಜೀವ ನಿಂತಿತ್ತು. (ರಾಮಮೂರ್ತಿ ನಗರದ ತಾರಸಿಯಿಂದಲೂ ಆ ನಕ್ಷತ್ರ ಮಂಗಳೂರಿನಷ್ಟೇ ಎತ್ತರ, ಬೀದಿದೀಪಗಳು ಕಾಣಗೊಟ್ಟರೆ.) ದ್ವೀಪ ಕಂಡಮೇಲೂ ಕೆಲಸ ಮುಗಿಯದು. ಲಗೂನು ಸಾಮಾನ್ಯವಾಗಿ ಪಡುವಣ ಮಗ್ಗುಲಲ್ಲಿರುವುದರಿಂದ ಮೂಡಣದಿಂದ ಬಂದವನು ದ್ವೀಪವನ್ನು ಸುತ್ತಿ, ಹವಳದ ಗೋಡೆಯಲ್ಲಿರುವ ಕಂಡಿಯನ್ನು ಹುಡುಕಿ ಒಳಹೋಗಬೇಕು.

ಇಷ್ಟೆಲ್ಲ ಮಾಡಿ ಬಂದರಿಗೆ ತಂದ ಹುರಿಗೆ ಬೆಲೆ ಕಟ್ಟುವವರು ಮಾತ್ರ ಬೇರೆಯವರು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿ ಹುರಿಯನ್ನು ಅರಸರಿಗೇ, ಅವರು ಗೊತ್ತುಮಾಡಿದ ದರಕ್ಕೇ ಒಪ್ಪಿಸಬೇಕಿತ್ತು. ಬೇಸತ್ತ ಅಮಿನಿಯವರು 18ನೇ ಶತಮಾನದ 80ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಐದು ದ್ವೀಪಗಳು ಮೈಸೂರಿನ ಪಾಲಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪೆನಿ ಅವುಗಳನ್ನು ವಹಿಸಿಕೊಂಡು ಮಂಗಳೂರಿನಿಂದಲೇ ಆಡಳಿತ ನಡೆಸಿತು. ಅಮಿನಿಯಲ್ಲಿ ಮೊನೆಗಾರನೆಂಬ ಅಧಿಕಾರಿ, ಅವನ ಮೇಲೆ ಜಿಲ್ಲೆಯ ಕಲೆಕ್ಟರು. ದೊರೆ ಬದಲಾದರೂ ಹುರಿಯ ಏಕಸ್ವಾಮ್ಯ ಬದಲಾಗಲಿಲ್ಲ. ಸರಕಾರಕ್ಕೆ ಹುರಿ ಒಪ್ಪಿಸಿ ಸರಕಾರದಿಂದ ಅಕ್ಕಿ ಪಡೆಯುವ ಪದ್ಧತಿ ಮುಂದುವರಿಯಿತು. ಹಡಗು ನಡೆಸುವುದರಲ್ಲಿ ಇಷ್ಟು ನಿಪುಣರಾದ ಜನ ಮಾರುಕಟ್ಟೆಯಲ್ಲಿ ಇಷ್ಟು ಅಸಹಾಯಕರಾಗಿದ್ದುದು ಈ ಕಥೆಯ ಅತ್ಯಂತ ಕಹಿಯಾದ ಭಾಗ.

1956ರ ನವೆಂಬರ್ 1ರಂದು ಒಂದೇ ದಿನ ಮೂರು ಗೆರೆಗಳು ಬಿದ್ದವು. ದಕ್ಷಿಣ ಕನ್ನಡ ಮೈಸೂರು ರಾಜ್ಯ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು, ಅಮೀನ್‌ದಿವಿ ದ್ವೀಪಗಳು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಕಾಸರಗೋಡಿಗಾಗಿ ಕನ್ನಡಿಗರು ಅತ್ತರು. ದ್ವೀಪಗಳಿಗಾಗಿ ಅಳುವುದಕ್ಕೆ ಕಾರಣವಿರಲಿಲ್ಲ, ಅಲ್ಲಿನವರ ಮಾತು ಮಲಯಾಳದ ಒಡನಾಡಿಯಾದ ಜೆಸರಿ. ಕಚೇರಿ ಕೋಯಿಕ್ಕೋಡಿನಲ್ಲಿದ್ದು 1964ರಲ್ಲಿ ಕವರತ್ತಿಗೆ ಹೋಯಿತು; 1973ರಲ್ಲಿ ಲಕ್ಷದ್ವೀಪವೆಂಬ ಹೆಸರು ಬಂತು. ಸರಕಾರಿ ಹಡಗುಗಳೂ ಯಂತ್ರಗಳೂ ಬಂದಂತೆ ಓಡಂಗಳು ದಡ ಸೇರಿದವು.

ಆದರೂ ಮಂಗಳೂರಿನ ನಂಟು ಹರಿಯಲಿಲ್ಲ. 1970ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಆದ ಮೇಲೆ ದೊಡ್ಡ ಹಡಗುಗಳೆಲ್ಲ ಅಲ್ಲಿಗೆ ಹೋದವು. ಗುರುಪುರ ನದಿಯ ದಡದ ಹಳೆ ಬಂದರಿಗೆ ಉಳಿದದ್ದು ಮೀನಿನ ದಕ್ಕೆ ಮತ್ತು ಲಕ್ಷದ್ವೀಪದ ಮಂಜಿಗಳು. ಎದುರಿಗೆ ಬೆಂಗ್ರೆಯ ಮರಳದಿಣ್ಣೆ, ಈಚೆ ಹೊಟ್ಟೆಯುಬ್ಬಿದ ಮರದ ಮಂಜಿಗಳಿಗೆ ಸಿಮೆಂಟು, ಜಲ್ಲಿ, ಕಬ್ಬಿಣ, ತರಕಾರಿ ಹೇರುವ ಗದ್ದಲ. ದ್ವೀಪದ ಸರಕು ಸಾಗಣೆಯನ್ನು ಬೇಪೂರಿನಿಂದ ಮಂಗಳೂರಿನ ಕಡೆಗೆ ತಿರುಗಿಸಬೇಕೆಂಬ ಮಾತು 2021ರಲ್ಲಿ ಎದ್ದಾಗ ಕೇರಳದಲ್ಲಿ ದೊಡ್ಡ ಕೂಗೇ ಎದ್ದಿತ್ತು. ಪ್ರವಾಸಿಗರು ಮಂಜಿ ಹತ್ತಿ ಹೊರಟುಬಿಡುವಂತಿಲ್ಲ. ಲಕ್ಷದ್ವೀಪ ಆಡಳಿತದ ಪ್ರವೇಶ ಪರವಾನಗಿ ಬೇಕೇ ಬೇಕು. ಕೊಚ್ಚಿಯಿಂದ ಹಡಗು, ಅಥವಾ ಅಗತ್ತಿಗೆ ವಿಮಾನ, ಇದು ರೂಢಿಯ ದಾರಿ. ಚಳಿಗಾಲವೆಂದು ಮೈಮರೆಯುವಂತೆಯೂ ಇಲ್ಲ: 2017ರ ಡಿಸೆಂಬರ್ ಮೊದಲ ದಿನಗಳಲ್ಲಿ ಒಖಿ ಚಂಡಮಾರುತ ದಕ್ಷಿಣದ ಮಿನಿಕಾಯ್ ಮೇಲೆ ಹಾದುಹೋಗಿತ್ತು.

ಮಂಜಿಗಳಿಗೆ ಈಗ ಎಂಜಿನ್ನುಂಟು, ದಾರಿ ತೋರಲು ಉಪಗ್ರಹವುಂಟು. ಆದರೂ ಮೇ ನಡುವಿಗೆ ಸರಕು ಸಾಗಣೆ ನಿಲ್ಲುತ್ತದೆ, ಸೆಪ್ಟೆಂಬರ್ ನಡುವಿನವರೆಗೆ ಮಂಜಿಗಳು ಅಳಿವೆ ದಾಟುವುದಿಲ್ಲ.