ದ್ವಾರಮಂಟಪದ ಕಣ್ಣುಗಳು

ಮಗಳ ಮನೆಗೆಂದು ಆಕ್ಸ್‌ಫರ್ಡಿಗೆ ಹೋಗಿದ್ದಾಗ, ಅಲ್ಲಿಂದ ಸುಮಾರು ಎಂಟು ಮೈಲಿ ದೂರದಲ್ಲಿರುವ ಬ್ಲೆನಿಮ್ ಅರಮನೆಯನ್ನು ನೋಡುವ ಸಂದರ್ಭವೊದಗಿತು. ಹೆಸರು ಅರಮನೆಯೆಂದಾದರೂ ಅದು ಅರಸರ ವಾಸಸ್ಥಾನವಲ್ಲ. ಡ್ಯೂಕ್ ಮನೆತನವೊಂದರ ಹಳ್ಳಿಗಾಡಿನ ಮನೆ. 1704ರಲ್ಲಿ ಬವೇರಿಯದ ಬ್ಲೆನಿಮ್ ಎಂಬಲ್ಲಿ ಫ್ರೆಂಚರನ್ನು ಸೋಲಿಸಿದ ಮಾರ್ಲ್‌ಬರೋ ಡ್ಯೂಕನಿಗೆ ಆನ್ ರಾಣಿಯು ಈ ನೆಲವನ್ನು ಉಂಬಳಿಯಾಗಿ ಕೊಟ್ಟಳು. ಮರುವರ್ಷವೇ ವ್ಯಾನ್‌ಬ್ರೂ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಕೆಲಸ ಆರಂಭವಾಯಿತು.

ಒಳಗಿನ ಹಜಾರದ ಎತ್ತರ 67 ಅಡಿ. ಅದರ ಛಾವಣಿಯಲ್ಲಿ ಥಾರ್ನ್‌ಹಿಲ್ ಎಂಬ ಚಿತ್ರಕಾರನು 1716ರಲ್ಲಿ ಬರೆದ ಚಿತ್ರವಿದೆ: ಡ್ಯೂಕನು ಬ್ರಿಟಾನಿಯ ದೇವಿಯ ಮುಂದೆ ಮಂಡಿಯೂರಿ ತನ್ನ ಯುದ್ಧದ ವ್ಯೂಹವನ್ನು ತೋರಿಸುತ್ತಿದ್ದಾನೆ. ಕತ್ತು ನೋಯುವವರೆಗೆ ನೋಡಿದೆನು. ಗೆದ್ದವನ ಮನೆಯಲ್ಲಿ ಗೆಲವಿನ ಚಿತ್ರವಿರುವುದರಲ್ಲಿ ಆಶ್ಚರ್ಯವೇನೂ ತೋರಲಿಲ್ಲ.

ಹೊರಗೆ ಬರುವಾಗ ಮಗಳು ದ್ವಾರಮಂಟಪದಲ್ಲಿ ತಡೆದು ನಿಲ್ಲಿಸಿ, “ಅಪ್ಪ, ಬರುವಾಗ ನೀವು ಇದನ್ನು ನೋಡಲೇ ಇಲ್ಲ” ಎಂದು ಮೇಲಕ್ಕೆ ಕೈತೋರಿದಳು. ಛಾವಣಿಯ ಚೌಕಗಳಿಂದ ಆರು ದೊಡ್ಡ ಕಣ್ಣುಗಳು ನೇರವಾಗಿ ನಮ್ಮನ್ನೇ ನೋಡುತ್ತಿದ್ದುವು! ಮುಖವಿಲ್ಲ, ಮೈಯಿಲ್ಲ, ನೀಲಿಯವೂ ಕಂದುಬಣ್ಣದವೂ ಆದ ಬರಿಯ ಕಣ್ಣುಗಳು.

ಒಂಬತ್ತನೆಯ ಡ್ಯೂಕನ ಎರಡನೆಯ ಪತ್ನಿ ಗ್ಲ್ಯಾಡಿಸ್ ಎಂಬಾಕೆ 1928ರಲ್ಲಿ ಕಾಲಿನ್ ಗಿಲ್ ಎಂಬ ಕಲಾವಿದನಿಂದ ಇವನ್ನು ಬರೆಸಿದಳಂತೆ. ನೀಲಿಯ ಕಣ್ಣುಗಳು ಆಕೆಯವೇ. ಬಣ್ಣ ತಪ್ಪಬಾರದೆಂದು, ತನ್ನ ಕಣ್ಣಿಗೆ ಒಪ್ಪುವ ನೀಲಿಯ ವಸ್ತ್ರವೊಂದನ್ನು ಹಿಡಿದು ತಾನೇ ಅಟ್ಟಣೆಯನ್ನು ಹತ್ತಿದಳೆಂದು ಹೇಳುತ್ತಾರೆ. ಆದರೆ ದಾಂಪತ್ಯವು ಮುರಿಯಿತು. 1933ರಲ್ಲಿ ಡ್ಯೂಕನು ಆಕೆಯನ್ನು ಮನೆಯಿಂದ ಹೊರಹಾಕಿಸಿದನು. 1977ರವರೆಗೆ ಬದುಕಿದ್ದ ಆಕೆ ಕಡೆಯ ದಿನಗಳನ್ನು ಮಾನಸಿಕ ಚಿಕಿತ್ಸಾಲಯದಲ್ಲಿ ಕಳೆದಳು. ಮನೆಯು ಆಕೆಯನ್ನು ಕಳುಹಿಸಿತು, ಕಣ್ಣುಗಳನ್ನು ಕಳುಹಿಸಲಾಗಲಿಲ್ಲ.

ಅವುಗಳ ಕೆಳಗೆ ನಿಂತಾಗ ನನಗೆ ನಮ್ಮೂರಿನ ತೊಟ್ಟಿಮನೆಯ ನೆನಪಾಯಿತು. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನನ್ನ ಸೋದರತ್ತೆ ಅಲ್ಲಿ ನಲವತ್ತು ವರ್ಷ ಬಾಳಿದರು. ಹಬ್ಬ ಹತ್ತಿರವಾದರೆ ಜಗಲಿಯನ್ನು ಸಾರಿಸಿ ಅಂಚಿಗೆ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದವರು ಅವರು. ಅವೇಳೆಯಲ್ಲಿ ಬಂದ ನೆಂಟರಿಗೆ ಬಾಗಿಲು ತೆರೆಯುತ್ತಿದ್ದವರೂ ಅವರೇ. ಪಾಲಾದಾಗ ಮನೆಯನ್ನು ಮಾರಿದೆವು. ಪಾಲುಪಟ್ಟಿಯಲ್ಲಿ ಹಿತ್ತಾಳೆಯ ಪಾತ್ರೆಗಳಿಗೂ ಒಂದು ಸಾಲಿತ್ತು, ಅತ್ತೆಗೆ ಇರಲಿಲ್ಲ. ಒಬ್ಬೊಬ್ಬರ ಮನೆಯಲ್ಲಿ ಮೂರು ಮೂರು ತಿಂಗಳೆಂದು ಬಾಯಿಮಾತಿನಲ್ಲಿ ಗೊತ್ತುಮಾಡಿದೆವು. ಆ ಮಾತನ್ನು ಮೊದಲು ಆಡಿದವನು ನಾನೇ. ಅವರು ಎದುರಾಡಲಿಲ್ಲ; ಜಗಲಿಯ ಮೇಲೆ ತಮ್ಮ ಗಂಟನ್ನಿಟ್ಟುಕೊಂಡು ಗಾಡಿಗಾಗಿ ಕಾದು ಕುಳಿತರು.

ಇದನ್ನು ಮಗಳಿಗೆ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಅಜ್ಜಿಯ ಕಣ್ಣು ಹೇಗಿದ್ದುವು?” ಎಂದು ಕೇಳಿದಳು. ಅವರ ಕೈಯಡುಗೆಯುಂಡು ಬೆಳೆದವನು ನಾನು. ಆದರೂ ಉತ್ತರ ಹೇಳಲಾರದೆ ಹೋದೆನು.

ಊರಿಗೆ ಮರಳಿದ ಮೇಲೆ ಹಳೆಯ ಪೆಟ್ಟಿಗೆಗಳನ್ನೆಲ್ಲ ತೆಗೆದು ಹುಡುಕಿದೆನು. ನನ್ನ ಮದುವೆಯ ದಿನ ಎಲ್ಲರೂ ಒಟ್ಟಾಗಿ ತೆಗೆಸಿಕೊಂಡ ಭಾವಚಿತ್ರವು ದೊರೆಯಿತು. ಅದರಲ್ಲಿ ಅತ್ತೆಯಿಲ್ಲ. ಆ ಹೊತ್ತಿನಲ್ಲಿ ಅವರನ್ನು ನಾವು ಒಳಗೇ ನಿಲ್ಲಿಸಿದ್ದೆವು.