ದೂರದ ಬೆಟ್ಟದ ಬೀರು

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವರು ಅಮೆರಿಕಾ ದೇಶದ ರಾಕಿ ಪರ್ವತಗಳನ್ನು ಕಂಡವರಲ್ಲ. ಆ ಪರ್ವತಗಳ ಬುಡದಲ್ಲಿ ಹುದುಗಿಸಿದ ಒಂದು ಬೀರಿನ ಕೀರ್ತಿಯನ್ನಂತೂ ಕೇಳಿದವರೇ ಅಲ್ಲ. ಆದರೂ ಆ ಬೀರಿನ ಚರಿತ್ರೆಯನ್ನು ಓದಿದವನಿಗೆ ಈ ಗಾದೆಯು ಅದಕ್ಕಾಗಿಯೇ ಹುಟ್ಟಿತೋ ಏನೋ ಎಂಬ ಭ್ರಾಂತಿಯುಂಟಾಗುವುದು. ಕೂರ್ಸ್ ಎಂಬುದು ಅದರ ಹೆಸರು. ೧೯೭೦ರ ಆಚೀಚಿನ ವರ್ಷಗಳಲ್ಲಿ ಅಮೆರಿಕಾದ ಪೂರ್ವಭಾಗದ ಜನರು ಅದನ್ನು ಎರಡು ಸಾವಿರ ಮೈಲಿಗಳಾಚೆಯಿಂದ ಪೆಟ್ಟಿಗೆಗಟ್ಟಲೆ ಹೊತ್ತು ತಂದು, ಕಾಶೀತೀರ್ಥವನ್ನು ಹಂಚುವಂತೆ ಆಪ್ತರಿಗೆ ಮಾತ್ರ ಹಂಚುತ್ತಿದ್ದರು. ಅಷ್ಟೊಂದು ಕೀರ್ತಿಗೆ ಆ ಪಾನೀಯವು ತಕ್ಕುದಾಗಿತ್ತೆ? ಕೀರ್ತಿಯು ಪದಾರ್ಥದ ಗುಣದಿಂದ ಬಂದಿತೆ, ಅಥವಾ ಪದಾರ್ಥವು ಕೈಗೆ ಸಿಕ್ಕದುದರಿಂದ ಬಂದಿತೆ?

ಮದ್ಯದ ಮಾತು ಗೃಹಸ್ಥರ ಮನೆಗೆ ಹೋಗುವ ಪತ್ರಿಕೆಯಲ್ಲೇಕೆ ಎಂದು ಹುಬ್ಬು ಗಂಟಿಕ್ಕುವ ವಾಚಕರಿಗೆ ಒಂದು ಸಮಾಧಾನವುಂಟು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಮದ್ಯಭೇದಗಳನ್ನು ಅಳತೆ ಸಹಿತವಾಗಿ ವಿವರಿಸಿರುವನು. ಶಾಸ್ತ್ರ ಹೇಳಿದವನು ಕುಡಿದೇ ಹೇಳಬೇಕೆಂಬ ನಿಯಮವೇನೂ ಇಲ್ಲ. ಅದೇ ಪ್ರಕರಣದಲ್ಲಿ ಸುರೆಯನ್ನು ಗ್ರಾಮದಿಂದ ಹೊರಕ್ಕೆ ಒಯ್ಯಕೂಡದೆಂಬ ವಿಧಿಯೂ ಇದೆ. ಚಾಣಕ್ಯನು ಆ ಮಾತನ್ನು ರಾಜ್ಯದ ಶಿಸ್ತಿಗಾಗಿ ಹೇಳಿದನೇ ಹೊರತು ಸುರೆಯ ರುಚಿಗಾಗಿ ಅಲ್ಲ. ಆದರೆ ಕೂರ್ಸಿನ ಪಾಲಿಗೆ ಅದು ರುಚಿಯ ವಿಧಿಯೂ ಆಗಿ ಪರಿಣಮಿಸಿದುದು ಒಂದು ವಿಚಿತ್ರ.

ಕೊಲರಾಡೋ ಸಂಸ್ಥಾನದ ಡೆನ್ವರ್ ನಗರದಿಂದ ಪಶ್ಚಿಮಕ್ಕೆ ಹದಿನೈದು ಮೈಲಿಗಳ ಸುಮಾರಿನಲ್ಲಿ ಗೋಲ್ಡನ್ ಎಂಬ ಪುಟ್ಟ ಪಟ್ಟಣವಿದೆ. ಚಿನ್ನವನ್ನರಸಿ ಬಂದವರು ಕಟ್ಟಿದ ಊರು. ಎರಡು ಚಪ್ಪಟೆ ಬೆಟ್ಟಗಳ ನಡುವೆ ಕ್ಲಿಯರ್ ಕ್ರೀಕ್ ಎಂಬ ತೊರೆಯು ಪರ್ವತದ ಹಿಮವನ್ನು ಕರಗಿಸಿಕೊಂಡು ಇಳಿದುಬರುವುದು. ಅಡಾಲ್ಫ್ ಕೂರ್ಸ್ ಎಂಬ ತಬ್ಬಲಿ ಹುಡುಗನು ಪ್ರಷ್ಯಾದಲ್ಲಿ ಹುಟ್ಟಿ, ಬೀರು ಕಾಯಿಸುವ ಕೆಲಸವನ್ನು ಎಳವೆಯಲ್ಲಿಯೇ ಕಲಿತು, ೧೮೬೮ರಲ್ಲಿ ಅಮೆರಿಕಾಕ್ಕೆ ಬಂದು, ಐದು ವರ್ಷ ಅಲ್ಲಿ ಇಲ್ಲಿ ದುಡಿದು, ೧೮೭೩ರಲ್ಲಿ ಈ ತೊರೆಯ ದಡದಲ್ಲಿ ತನ್ನ ಭಟ್ಟಿಯನ್ನು ಹೂಡಿದನು. ಬಂಡವಾಳದಲ್ಲಿ ಅವನ ಪಾಲು ೨,೦೦೦ ಡಾಲರು. ಡೆನ್ವರಿನ ಮಿಠಾಯಿ ವ್ಯಾಪಾರಿ ಜೇಕಬ್ ಷೂಲರನದು ೧೮,೦೦೦. ಏಳು ವರ್ಷ ಕಳೆಯುವುದರೊಳಗೆ ಎರಡು ಸಾವಿರದವನು ಹದಿನೆಂಟು ಸಾವಿರದವನ ಪಾಲನ್ನು ಕೊಂಡುಕೊಂಡನು. ೧೯೧೬ರಲ್ಲಿ ಕೊಲರಾಡೋದಲ್ಲಿ ಪಾನನಿರೋಧ ಶಾಸನ ಜಾರಿಗೆ ಬಂದಾಗ ಆ ದೇಶದ ಎಷ್ಟೋ ಭಟ್ಟಿಗಳು ಬಾಗಿಲು ಮುಚ್ಚಿದುವು. ಕೂರ್ಸ್ ಮನೆತನದವರು ಮಾತ್ರ ಮಾಲ್ಟು ಬೆರೆಸಿದ ಹಾಲಿನ ಪುಡಿ, ಪಿಂಗಾಣಿ ಪಾತ್ರೆ, ಸಿಮೆಂಟು ಇವುಗಳನ್ನು ಮಾರಿ ೧೯೩೩ರ ವರೆಗೆ ಉಸಿರು ಹಿಡಿದುಕೊಂಡಿದ್ದರು. ಹದಿನೇಳು ವರ್ಷ ತನ್ನ ಕುಲವೃತ್ತಿಯನ್ನು ಬಿಟ್ಟಿದ್ದು ಮತ್ತೆ ಅದನ್ನೇ ಹಿಡಿಯುವುದೆಂದರೆ ಸಾಮಾನ್ಯ ಛಲವಲ್ಲ.

ಇನ್ನು ಪದಾರ್ಥದ ಸ್ವರೂಪ. ಬೀರುಗಳಲ್ಲಿ ಲಾಗರ್ ಎಂಬ ಜಾತಿಗೆ ಜರ್ಮನ್ ಭಾಷೆಯ ಕೂಡಿಡು, ದಾಸ್ತಾನು ಮಾಡು ಎಂಬರ್ಥದ ಧಾತುವಿನಿಂದ ಹೆಸರು ಬಂದಿದೆ. ಮೊಳೆಯಿಸಿ ಒಣಗಿಸಿದ ಜವೆಗೋಧಿಯ ಕಷಾಯಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿಯನ್ನು ಕೂಡಿಸಿ, ತಳಕ್ಕಿಳಿದು ಕೆಲಸ ಮಾಡುವ ಒಂದು ಬಗೆಯ ಹುದುಗನ್ನು ಹಾಕಿ, ತಂಪಾದ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಬಿಡುವರು. ಅಮೆರಿಕಾದಲ್ಲಿ ಇದಕ್ಕೆ ಅಕ್ಕಿಯನ್ನೋ ಜೋಳವನ್ನೋ ಬೆರೆಸಿ ಇನ್ನಷ್ಟು ಹಗುರವಾಗಿಸುವ ಪದ್ಧತಿ ಬೆಳೆಯಿತು. ಇಂತಹ ಹಗುರವಾದ ತಿಳಿ ಬೀರಿನಲ್ಲಿ ಒಂದು ಕಷ್ಟವುಂಟು. ಸಾಂಬಾರು ಕೆಟ್ಟರೆ ಮೆಣಸಿನಪುಡಿಯ ಹಿಂದೆ ಅಡಗೀತು. ತಿಳಿಸಾರು ಕೆಟ್ಟರೆ ಅಡಗಲು ಜಾಗವೆಲ್ಲಿ? ಆದುದರಿಂದ ಕುಂದಿಲ್ಲದ ತಿಳಿ ಲಾಗರನ್ನು ದಿನದಿನವೂ ಒಂದೇ ಬಗೆಯಾಗಿ ಮಾಡುವುದು ಕಡುಗಪ್ಪು ಬೀರನ್ನು ಮಾಡುವುದಕ್ಕಿಂತ ನಿಷ್ಠುರವಾದ ವಿದ್ಯೆಯೆಂದು ಆ ಕಸುಬನ್ನು ಬಲ್ಲವರೇ ಒಪ್ಪುವರು.

ಕೂರ್ಸಿನವರ ಹೆಚ್ಚಳವು ಇಲ್ಲಿಯೇ ಇದ್ದಿತು. ಇತರರು ಸೀಸೆಗೆ ತುಂಬಿದ ಬೀರನ್ನು ಅರುವತ್ತು ಡಿಗ್ರಿಗಳ ಸುಮಾರಿಗೆ ಕಾಯಿಸಿ, ಉಳಿದ ಸೂಕ್ಷ್ಮಜೀವಿಗಳನ್ನು ಕೊಂದು, ದೂರದೇಶಗಳಿಗೆ ಕಳುಹುತ್ತಿದ್ದರು. ಪಾಸ್ತರನ ಹೆಸರಿನಿಂದ ಪ್ರಸಿದ್ಧವಾದ ಈ ಕ್ರಮದಿಂದ ಬೀರು ಬಹುಕಾಲ ನಿಲ್ಲುವುದು ನಿಜ. ಹೊಸತನದ ಸುವಾಸನೆ ಸ್ವಲ್ಪ ಮಾಸುವುದೂ ನಿಜ. ೧೯೫೯ರಲ್ಲಿ ಕೂರ್ಸಿನವರು ಹೀಗೆ ಕಾಯಿಸುವುದನ್ನೇ ನಿಲ್ಲಿಸಿಬಿಟ್ಟರು. ಸೂಕ್ಷ್ಮವಾಗಿ ಸೋಸಿ, ತಣ್ಣಗಿರುವಂತೆಯೇ ತುಂಬಿ, ತಣ್ಣಗಿರುವ ಬಂಡಿಗಳಲ್ಲಿಯೇ ಸಾಗಿಸಿ, ಅಂಗಡಿಯವನೂ ತಣ್ಣಗಿಟ್ಟೇ ಮಾರಬೇಕೆಂದು ಕಟ್ಟುಮಾಡಿದರು. ಅದೇ ವರ್ಷ ತವರದ ಡಬ್ಬಿಗೆ ಬದಲಾಗಿ ಅಲ್ಯೂಮಿನಿಯಂ ಡಬ್ಬಿಯನ್ನು ತಂದು, ಬರಿದಾದ ಡಬ್ಬಿಯನ್ನು ಹಿಂದಿರುಗಿಸಿದವರಿಗೆ ಒಂದೊಂದು ಸೆಂಟು ಕೊಡತೊಡಗಿದರು. ಹಾಲು ಮಾರುವವನಂತೆ ಬೀರನ್ನು ಮಾರಿದರೆಂದರೆ ತಪ್ಪಾಗಲಾರದು. ಹಾಲಿನ ಬಂಡಿಯು ಎಷ್ಟು ದೂರ ಹೋದೀತು? ಒಂದೇ ಊರಿನ ಒಂದೇ ಭಟ್ಟಿಯಿಂದ ಪಶ್ಚಿಮದ ಹನ್ನೊಂದು ಸಂಸ್ಥಾನಗಳಿಗೆ ಮಾತ್ರ ಅದು ಹೋಗುತ್ತಿದ್ದಿತು. ಅಷ್ಟರಲ್ಲಿಯೇ ಅವರು ಇಡೀ ದೇಶದ ದೊಡ್ಡ ಬೀರು ತಯಾರಕರ ಮೊದಲ ಐವರೊಳಗೆ ಸೇರಿದ್ದರೆಂಬುದು ಗಮನಾರ್ಹ. ಆ ಹನ್ನೊಂದು ಸಂಸ್ಥಾನಗಳ ಜನರು ಅದನ್ನು ಕುಡಿದು ಮೆಚ್ಚಿದ್ದರು. ಈ ಮೆಚ್ಚುಗೆ ಸುಳ್ಳಲ್ಲ.

ಉಳಿದ ಸಂಸ್ಥಾನಗಳ ಜನರು ಅದನ್ನು ಕುಡಿಯದೆ ಮೆಚ್ಚಿದರು. ಇಲ್ಲಿಂದ ಪುರಾಣವು ಮೊದಲಾಗುವುದು. ಪಶ್ಚಿಮಕ್ಕೆ ಹೋಗಿಬಂದ ಸೈನಿಕನು, ವಿದ್ಯಾರ್ಥಿಯು, ವಿಮಾನದ ನೌಕರನು, ಬೆಟ್ಟದ ಹಿಮದ ಮೇಲೆ ಜಾರುವ ವಿನೋದಕ್ಕಾಗಿ ಹೋದ ಧನಿಕನು, ಪ್ರತಿಯೊಬ್ಬನೂ ಒಂದೊಂದು ಪೆಟ್ಟಿಗೆಯನ್ನು ತರತೊಡಗಿದನು. ಜೆರಾಲ್ಡ್ ಫೋರ್ಡರು ಕೊಲರಾಡೋದಿಂದ ವಾಷಿಂಗ್ಟನ್ನಿಗೆ ಹಿಂದಿರುಗುವಾಗ ಅದನ್ನು ಜೊತೆಯಲ್ಲಿ ತರುತ್ತಿದ್ದರೆಂಬುದು ಪತ್ರಿಕೆಗಳಿಗೆ ಸುದ್ದಿಯಾಯಿತು. ೧೯೭೪ರಲ್ಲಿ ಟೈಮ್ ವಾರಪತ್ರಿಕೆಯೂ ಈ ಬೀರಿನ ಮೇಲೊಂದು ಲೇಖನವನ್ನು ಅಚ್ಚುಮಾಡಿತು. ೧೯೭೭ರಲ್ಲಿ ‘ಸ್ಮೋಕಿ ಅಂಡ್ ದಿ ಬ್ಯಾಂಡಿಟ್’ ಎಂಬ ಚಲನಚಿತ್ರವೇ ಹೊರಟಿತು. ಅದರ ಕಥೆಯೆಲ್ಲವೂ ಇಷ್ಟೆ: ಟೆಕ್ಸಾಸಿನ ಅಂಚಿನ ಟೆಕ್ಸರ್ಕಾನಾ ಊರಿನಿಂದ ೪೦೦ ಪೆಟ್ಟಿಗೆ ಕೂರ್ಸನ್ನು ಪರವಾನಗಿಯಿಲ್ಲದ ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ನಗರಕ್ಕೆ, ಹೋಗಿ ಬರುವುದೂ ಸೇರಿ ೨೮ ಗಂಟೆಗಳೊಳಗೆ, ಪೋಲೀಸರ ಕಣ್ಣುತಪ್ಪಿಸಿ ತರಬೇಕು. ಸಮುದ್ರಮಥನವನ್ನೂ ಅಮೃತಹರಣವನ್ನೂ ಕೇಳಿ ಬೆಳೆದವರಿಗೆ ಈ ಕಥೆಯಲ್ಲಿ ಹೊಸದೇನೂ ತೋರದು. ಗರುಡನ ಸ್ಥಾನದಲ್ಲಿ ಒಂದು ಲಾರಿಯಿದೆಯೆಂಬುದಷ್ಟೇ ಭೇದ.

ಈಗ ವಿಚಾರಮಾಡಬೇಕಾದ ಮಾತು ಬಂದಿತು. ಕೂರ್ಸಿನ ಗುಣವೆಲ್ಲ ಅದರ ಹೊಸತನದಲ್ಲಿ, ತಂಪಿನಲ್ಲಿ ಇದ್ದಿತಷ್ಟೆ? ತಂಪು ತಪ್ಪಿದರೆ ಅದು ಕಾಯಿಸಿದ ಬೀರಿಗಿಂತಲೂ ಬೇಗನೆ ಹಳಸಬಹುದೆಂಬುದು ತಯಾರಿಸಿದವರದೇ ಆತಂಕ. ಬಿಸಿಲಿನಲ್ಲಿ ನಿಂತ ಮೋಟಾರಿನ ಹಿಂಬದಿಯ ಪೆಟ್ಟಿಗೆಯಲ್ಲಿ ಎರಡು ಸಾವಿರ ಮೈಲಿ ಕುಲುಕಿ, ಬಾಸ್ಟನ್ನಿನ ಯಾವುದೋ ಮಹಡಿಯ ಮೂಲೆಯಲ್ಲಿ ಹಬ್ಬಕ್ಕೆಂದು ತಿಂಗಳುಗಟ್ಟಲೆ ಕಾದು ಕುಳಿತ ಬೀರಿನಲ್ಲಿ ಆ ಹೊಸತನದ ಪಾಲು ಎಷ್ಟು ಉಳಿದಿದ್ದೀತು? ಸೆಕೆಗೆ ಸಿಕ್ಕಿದ ಹಳೆಯ ಬೀರಿಗೆ ನೆನೆದ ಕಾಗದದ ವಾಸನೆ ಬರುವುದೆಂಬುದು ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ ಹೇಳಿದ ಮಾತು. ಎಂದಮೇಲೆ ಯಾರು ಆ ಬೀರನ್ನು ಎಲ್ಲರಿಗಿಂತ ಹೆಚ್ಚಾಗಿ ಹೊಗಳಿದರೋ, ಯಾರು ಅದಕ್ಕಾಗಿ ಮೂರುಪಾಲು ಬೆಲೆಯನ್ನು ತೆರಲೂ ಹಿಂಜರಿಯಲಿಲ್ಲವೋ, ಅವರಿಗೆ ಸಿಕ್ಕುತ್ತಿದ್ದುದು ಅದರ ಅತ್ಯಂತ ಕೆಟ್ಟ ರೂಪವೇ. ಗೋಲ್ಡನ್ ಪಟ್ಟಣದ ಕೂಲಿಯವನು ಸಂಜೆ ಕೆಲಸ ಮುಗಿಸಿ, ಯಾವ ಸಂಭ್ರಮವೂ ಇಲ್ಲದೆ, ಬೇರೆ ಮಾತನಾಡುತ್ತ ಕುಡಿದುಬಿಡುತ್ತಿದ್ದುದು ಅದರ ಅತ್ಯುತ್ತಮ ರೂಪ. ಒಬ್ಬನಿಗೆ ರುಚಿಯಿದ್ದಿತು, ಅಚ್ಚರಿಯಿರಲಿಲ್ಲ. ಇನ್ನೊಬ್ಬನಿಗೆ ಅಚ್ಚರಿಯಿದ್ದಿತು, ರುಚಿಯಿರಲಿಲ್ಲ. ಕೌಟಿಲ್ಯನ ವಿಧಿಯು ನೆನಪಾಗುವುದು ಇಲ್ಲಿಯೇ.

ಹಾಗಾದರೆ ಬಾಸ್ಟನ್ನಿನವನು ಸುಳ್ಳು ಹೇಳಿದನೆ? ಹಾಗೆನ್ನುವುದು ಅನ್ಯಾಯವಾದೀತು. ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳನ್ನು ಬೇರೆಬೇರೆಯಾಗಿ ಇಟ್ಟರು. ನಾಲಗೆಯು ಅವುಗಳನ್ನು ಬೇರೆಯಾಗಿ ಇಡಲಾರದು. ೧೯೬೪ರಲ್ಲಿ ಅಲಿಸನ್, ಊಲ್ ಎಂಬ ಇಬ್ಬರು ಪಂಡಿತರು ಅಮೆರಿಕಾದಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಬೀರು ಕುಡಿಯುವ ಅಭ್ಯಾಸವಿದ್ದ ಮುನ್ನೂರಕ್ಕೂ ಮಿಕ್ಕ ಜನರಿಗೆ ಮೊದಲು ಹೆಸರುಚೀಟಿಯಿಲ್ಲದ ಸೀಸೆಗಳನ್ನೂ ಆಮೇಲೆ ಚೀಟಿಯುಳ್ಳ ಸೀಸೆಗಳನ್ನೂ ಮನೆಗೇ ಕಳುಹಿಸಿ ಅಭಿಪ್ರಾಯ ಕೇಳಿದರು. ಚೀಟಿಯಿಲ್ಲದಾಗ ತಾನು ನಿತ್ಯವೂ ಕುಡಿಯುವ ಬೀರು ಯಾವುದೆಂದು ಸಾಮಾನ್ಯವಾಗಿ ಯಾರಿಗೂ ಗೊತ್ತಾಗಲಿಲ್ಲ. ಚೀಟಿ ಬಂದೊಡನೆ ಪ್ರತಿಯೊಬ್ಬನಿಗೂ ತನ್ನದೇ ಮಿಗಿಲೆಂದು ತೋರಿತು. ಇವರು ಯಾರೂ ಸುಳ್ಳುಗಾರರಲ್ಲ. ಕಿವಿಯು ಕೇಳಿದುದನ್ನು ನಾಲಗೆಯು ಸವಿದಿತು, ಅಷ್ಟೆ. ಜಾತ್ರೆಯಿಂದ ತಂದ ಕಲ್ಲುಸಕ್ಕರೆ ಮನೆಯ ಡಬ್ಬಿಯ ಕಲ್ಲುಸಕ್ಕರೆಗಿಂತ ಸಿಹಿಯೆಂದು ಮಗುವು ಹಟಮಾಡಿದರೆ ಅದನ್ನು ತಕ್ಕಡಿಯಲ್ಲಿ ತೂಗಿ ಖಂಡಿಸುವ ತಂದೆಯು ಜಾಣನಲ್ಲ.

ಇಷ್ಟಾದರೂ ಆ ಕೀರ್ತಿಯ ಬೇಲಿಯನ್ನು ಕಾಯುವುದು ಸುಲಭವಾಗಿರಲಿಲ್ಲ. ಸಗಟು ಮಾರಾಟಗಾರರನ್ನು ಗಡಿಗಳೊಳಗೆ ಕಟ್ಟಿಹಾಕಿ ಬೆಲೆಯನ್ನೂ ಕಂಪೆನಿಯೇ ಗೊತ್ತುಮಾಡುವುದು ನ್ಯಾಯವಲ್ಲವೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಜ್ಞೆಮಾಡಿತು. ಬೀರು ಕೆಡದಂತೆ ಕಾಯಲು ಗಡಿ ಬೇಕೆಂದು ಕಂಪೆನಿಯವರು ವಾದಿಸಿದರು. ೧೯೭೪ರಲ್ಲಿ ಮೇಲಣ ನ್ಯಾಯಸ್ಥಾನವು ಕಮಿಷನ್ನಿನ ಪಕ್ಷವನ್ನೇ ಎತ್ತಿಹಿಡಿಯಿತು. ಅದಕ್ಕಿಂತಲೂ ಆಳವಾದ ಗಾಯವು ಒಳಗಿನಿಂದ ಬಂದಿತು. ಕೆಲಸ ಕೇಳಿ ಬಂದವರನ್ನು ಸುಳ್ಳು ಪತ್ತೆಮಾಡುವ ಯಂತ್ರದ ಮುಂದೆ ಕುಳ್ಳಿರಿಸುವುದೇ ಮೊದಲಾದ ಕ್ರಮಗಳಿಗೆ ಸಿಟ್ಟಾದ ಕಾರ್ಮಿಕರು ೧೯೭೭ರಲ್ಲಿ ಮುಷ್ಕರ ಹೂಡಿದರು. ಕಾರ್ಮಿಕ ಸಂಘಗಳ ಮಹಾಮಂಡಲವು ಸಾರಿದ ಬಹಿಷ್ಕಾರವು ೧೯೮೭ರ ವರೆಗೆ ಹತ್ತು ವರ್ಷ ನಡೆಯಿತು. ಮೆಕ್ಸಿಕೋ ಮೂಲದವರು ಅದಕ್ಕೂ ಮೊದಲೇ ಮುನಿದಿದ್ದರು. ಹಿಂದೆ ಸಿಕ್ಕದುದಕ್ಕಾಗಿ ಹುಡುಕುತ್ತಿದ್ದ ಬೀರನ್ನು ಈಗ ಸಿಕ್ಕಿದರೂ ಬೇಡವೆನ್ನುವ ಜನರು ಹುಟ್ಟಿಕೊಂಡರು. ಸೀಸೆಯೊಳಗಿನದು ಅದೇ ನೀರು, ಅದೇ ಜವೆಗೋಧಿ. ಆದರೆ ನೆರೆಯವನ ಹೊಟ್ಟೆಯ ಮೇಲೆ ಹೊಡೆದವರ ಬೀರೆಂದು ತಿಳಿದ ಮೇಲೆ ಅನೇಕರ ಗಂಟಲಲ್ಲಿ ಅದು ಇಳಿಯಲಿಲ್ಲ. ಅದು ಅವರ ನಾಲಗೆಯ ತೀರ್ಪಲ್ಲ, ದಿಟ. ಆದರೂ ಅತಿ ಗೌರವದ ತೀರ್ಪೆಂದೇ ಹೇಳಬೇಕು.

ಹಾಗಾಗಿ ಕೂರ್ಸಿನವರು ಬೇಲಿಯನ್ನು ಕಿತ್ತು ಹೊರಟರು. ೧೯೮೧ರಲ್ಲಿ ಮಿಸಿಸಿಪ್ಪಿ ನದಿಯನ್ನು ದಾಟಿ, ೧೯೯೧ರ ವೇಳೆಗೆ ಐವತ್ತು ಸಂಸ್ಥಾನಗಳನ್ನೂ ಮುಟ್ಟಿದರು. ೨೦೦೫ರಲ್ಲಿ ಕೆನಡಾದ ಮೋಲ್ಸನ್ ಕಂಪೆನಿಯೊಡನೆ ಒಂದಾದರು. ಅತಿಪರಿಚಯವು ಅವಜ್ಞೆಗೆ ದಾರಿಯೆಂಬ ಹಿರಿಯರ ಮಾತಿಗೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಕಾಗಿಲ್ಲ. ಅಟ್ಲಾಂಟಾದ ಅಂಗಡಿಯ ಬೀರುವಿನಲ್ಲಿ ಅದು ಹತ್ತರಲ್ಲಿ ಹನ್ನೊಂದನೆಯದಾಗಿ ನಿಂತಿತು. ಕೊಂಡವನು ಬೇಸರದಿಂದ, ಇಷ್ಟೇ ಏನು, ಎಂದನು. ಅಷ್ಟರಲ್ಲಿ ಮನೆಯಲ್ಲಿಯೇ ಬೀರು ಕಾಯಿಸಿಕೊಳ್ಳಲು ೧೯೭೮ರ ಕಾನೂನು ಅಪ್ಪಣೆಕೊಟ್ಟಿದ್ದಿತು. ಸಣ್ಣ ಭಟ್ಟಿಗಳವರು ಕಹಿ ಹೆಚ್ಚಿದ, ಬಣ್ಣ ಏರಿದ ಬೀರುಗಳನ್ನು ತಂದು ಜನರ ರುಚಿಯನ್ನೇ ತಿರುಗಿಸಿದರು. ತಿಳಿ ಲಾಗರನ್ನು ಹಳಿಯುವುದೇ ರಸಿಕತೆಯ ಗುರುತೆಂಬ ಕಾಲವೂ ಬಂದಿತು. ಇದೂ ಮೊದಲಿನ ಹೊಗಳಿಕೆಯಷ್ಟೇ ಹುರುಳಿಲ್ಲದ ಮಾತು.

ಕುಡಿದು ಬಲ್ಲವರು ಪಕ್ಷಪಾತವಿಲ್ಲದೆ ಹೇಳುವುದನ್ನು ಕೂಡಿಸಿ ನೋಡಿದರೆ ಹೀಗೆ ತೋರುವುದು. ಹೊಂಬಣ್ಣ, ಕಹಿ ಅತಿ ಸ್ವಲ್ಪ, ಮೊಳೆಧಾನ್ಯದ ನಸುಸಿಹಿ, ಅದರ ಹಿಂದೆ ಬಾಳೆಹಣ್ಣಿನ ಒಂದು ಎಳೆಯ ಪರಿಮಳ, ಇದೊಂದೇ ಅದನ್ನು ಅದರ ಬಳಗದ ಇತರ ಬೀರುಗಳಿಂದ ಬೇರ್ಪಡಿಸುವ ಗುರುತು. ದೋಷವಿಲ್ಲ, ಮೆರೆತವೂ ಇಲ್ಲ. ಪರ್ವತದ ನೀರಿನ ಮಹಿಮೆಯನ್ನು ಜಾಹೀರಾತಿನವರು ಎಷ್ಟು ಹಾಡಿದರೂ, ಯಾವ ನೀರನ್ನಾದರೂ ಬೇಕಾದ ಹದಕ್ಕೆ ತರುವ ವಿದ್ಯೆ ಇಂದು ಎಲ್ಲ ಭಟ್ಟಿಗಳಲ್ಲಿಯೂ ಇದೆ. ಒಳ್ಳೆಯ ನಿತ್ಯಪದಾರ್ಥವೆಂದರೆ ಒಪ್ಪಬಹುದು. ಅಮೃತವೆಂದರೆ, ಎರಡು ಸಾವಿರ ಮೈಲಿ ಓಡಿಸಿದ ಲಾರಿಯವನ ಮುಖವನ್ನು ನೋಡಿ ನಗಬೇಕಾದೀತು. ಗೋಲ್ಡನ್ ಪಟ್ಟಣದವರು ಹೀಗೆ ನಕ್ಕವರಲ್ಲ, ಅಮೃತವೆಂದವರೂ ಅಲ್ಲ. ಆ ಊರಿನ ಗಾಳಿಯಲ್ಲಿ ಧಾನ್ಯ ಬೇಯುವ ವಾಸನೆ ಇಂದಿಗೂ ಹರಡುತ್ತಿರುವುದು. ಚಪ್ಪಟೆ ಬೆಟ್ಟದ ನೆರಳು ಭಟ್ಟಿಯ ಮೇಲೆ ಬೀಳುವ ಹೊತ್ತಿಗೆ ಅವರು ಅಲ್ಲಿಯೇ ತುಂಬಿದ ಡಬ್ಬಿಯನ್ನು ತೆರೆದು, ಮಳೆಯ ಮಾತನ್ನೋ ಮನೆಯ ತೆರಿಗೆಯ ಮಾತನ್ನೋ ಆಡುತ್ತಿರುವರು.