ಫೋಟೋ ತೆಗೆದು ಹೋದ ಮೇಲೆ

ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಕಡೆಗೆ ಹೋದರೆ ಗುಡ್ಡದ ನೆತ್ತಿಯಲ್ಲಿ ಗೇರುತೋಪು, ಬುಡದಲ್ಲಿ ಅಡಿಕೆ ತೋಟ ಮತ್ತು ಮನೆಗಳು, ನಡುವೆ ಹರಿಯುವ ತೋಡು ಕಾಣುತ್ತವೆ. ಹಲವು ಮನೆಗಳಿಗೆ ಕುಡಿಯುವ ನೀರು ಸುರಂಗದ್ದು. ಮೇಲಿಂದ ವಿಷ ಸುರಿಯುವಾಗ ಬಾವಿಯ ಬಾಯಿಗಾದರೆ ಸೋಗೆಯನ್ನೋ ಟಾರ್ಪಾಲನ್ನೋ ಮುಚ್ಚಬಹುದು; ಗುಡ್ಡದ ಹೊಟ್ಟೆಯಿಂದ ಜಿನುಗಿ ಬರುವ ನೀರಿಗೆ ಏನನ್ನು ಮುಚ್ಚುವುದು? ಈ ಗುಡ್ಡಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿತು. ಗೇರುಹೂವನ್ನು ಒಣಗಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲುವುದು ಉದ್ದೇಶ. ಹೆಲಿಕಾಪ್ಟರ್ ಬಂತೆಂದರೆ ಮಕ್ಕಳು ಅಂಗಳಕ್ಕೆ ಓಡಿ ಬಂದು ನೋಡುತ್ತಿದ್ದರಂತೆ.

ಏನೋ ಸರಿಯಿಲ್ಲವೆಂದು ಮೊದಲು ಬರೆದವರು ದೂರದಿಂದ ಬಂದವರಲ್ಲ, ಅದೇ ಊರಿನ ಪತ್ರಕರ್ತ ಶ್ರೀಪಡ್ರೆ. 1979ರಲ್ಲಿ ಊರಿನಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು ಕಂಡು ಅವರು ಲೇಖನ ಬರೆದರು. ಆಗ ಯಾರೂ ಕಿವಿಗೊಡಲಿಲ್ಲ. ಆಮೇಲೆ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಅವರಿಗೆ ಅನುಮಾನ ಬಂತು. ತೋಡಿನ ದಂಡೆಯ ಎಷ್ಟೋ ಮನೆಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯತೆ, ಕ್ಯಾನ್ಸರ್, ಅಂಗವಿಕಲ ಮಕ್ಕಳು. ಇಷ್ಟು ಪುಟ್ಟ ಊರಿನಲ್ಲಿ ಇಷ್ಟೊಂದು ಯಾಕೆ ಎಂದು ಅವರು ಪತ್ರದ ಮೇಲೆ ಪತ್ರ ಬರೆದರು. ಇನ್ನೊಂದು ಕಡೆಯಲ್ಲಿ ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ, ಕೊನೆಗೆ ಸಿಂಪಡಣೆಗೆ ತಡೆ ತಂದರು. ಶ್ರೀಪಡ್ರೆಯವರು ಪತ್ರ, ಇಮೇಲುಗಳನ್ನು ಎಲ್ಲ ಕಡೆಗೂ ಕಳಿಸುತ್ತ ಹೋದರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳನ್ನು ಪರೀಕ್ಷಿಸಿ 2001ರಲ್ಲಿ ವರದಿ ಪ್ರಕಟಿಸಿತು. ಮೊದಲ ಲೇಖನಕ್ಕೂ ಈ ವರದಿಗೂ ನಡುವೆ ಸುಮಾರು ಇಪ್ಪತ್ತು ವರ್ಷ. ಬರೆಯುವ ಕೈಗೆ ಎಷ್ಟು ತಾಳ್ಮೆ ಬೇಕೆಂದು ಕೇಳುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ.

ನಂತರದ ಕೆಲಸವನ್ನು ಚಿತ್ರ ಮತ್ತು ಕಥೆ ಮಾಡಿದವು. ಮಾತೃಭೂಮಿಯ ಛಾಯಾಗ್ರಾಹಕ ಮಧುರಾಜ್ ತೆಗೆದ ಚಿತ್ರಗಳು ಇಡೀ ಕೇರಳವನ್ನು ಕಲಕಿದವು. ಅಂಬಿಕಾಸುತನ್ ಮಾಙಾಡ್ 2009ರಲ್ಲಿ ಬರೆದ ಕಾದಂಬರಿಗೆ ಎಣ್ಮಕಜೆಯ ಹೆಸರನ್ನೇ ಇಟ್ಟರು. 2011ರಲ್ಲಿ ಕರ್ನಾಟಕ ನಿಷೇಧ ಹೇರಿತು, ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಅದನ್ನು ತಡೆಯಿತು. ಬರವಣಿಗೆಯಿಂದ ಏನಾಗುತ್ತದೆ ಎಂದು ನಿರಾಶರಾಗುವವರು ಇದನ್ನು ನೆನಪಿಡಬೇಕು.

ಗಡಿಯ ಈಚೆಗೆ, ಕರ್ನಾಟಕದಲ್ಲೂ ಇದೇ ನೋವು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಮೂವತ್ತು ದಾಟಿದ ಮಕ್ಕಳನ್ನು ತಾಯಂದಿರು ಇಂದಿಗೂ ಎತ್ತಿ ಸ್ನಾನ ಮಾಡಿಸುತ್ತಾರೆ. ಅಂಥ ಒಂದು ಮನೆಯಲ್ಲಿ ನಾನಿದ್ದಾಗ ಕ್ಯಾಮೆರಾ ಹಿಡಿದು ಒಬ್ಬರು ಬಂದರು. ಚಾಪೆಯಲ್ಲಿ ಮಲಗಿದ್ದ ಮಗನ ಅಂಗಿ ಜೊಲ್ಲಿನಿಂದ ಒದ್ದೆಯಾಗಿತ್ತು. ತಾಯಿ ಗಡಬಡಿಸಿ ಎದ್ದು, “ಒಂದು ಚೂರು ನಿಲ್ಲಿ ಅಣ್ಣ, ಅಂಗಿ ಬದಲಿಸ್ತೇನೆ” ಎಂದು ಒಳಗೆ ಹೋದರು. ಬಂದವರು, “ಬೇಡ ಅಮ್ಮ, ಹೀಗೇ ಇರಲಿ, ಹೀಗಿದ್ರೇ ಜನರಿಗೆ ಮುಟ್ಟುವುದು” ಎಂದರು. ಆಕೆ ಕೇಳಲಿಲ್ಲ. ಇಸ್ತ್ರಿ ಮಾಡಿದ ನೀಲಿ ಅಂಗಿ ತಂದು, ಬಾಗಿದ ತೋಳನ್ನು ನಿಧಾನವಾಗಿ ಬಿಡಿಸಿ ತೂರಿಸಿ, ಎಣ್ಣೆ ಹಚ್ಚಿ ತಲೆ ಬಾಚಿ, ಕೆನ್ನೆಗೆ ಪೌಡರ್ ಹಾಕಿ, “ಈಗ ತೆಗೀರಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ತುಂಬ ಜನ ಬಂದಿದ್ದಾರೆ ಅಕ್ಕ. ಹೋದವರು ಮತ್ತೆ ಎಂತ ಆಯ್ತು ಅಂತ ಕೇಳಿದ್ದು ಕಡಿಮೆ” ಎಂದರು.

ನೊಂದವರ ಕಥೆ ಹೇಳುವವರು ಕಲಿಯಬೇಕಾದದ್ದೆಲ್ಲ ಆ ನೀಲಿ ಅಂಗಿಯಲ್ಲಿದೆ ಎಂದು ನನ್ನ ನಂಬಿಕೆ. ಮಗ ಊರಿನ ಕಣ್ಣಿಗೆ ಹೇಗೆ ಕಾಣಬೇಕೆಂದು ತೀರ್ಮಾನಿಸುವ ಹಕ್ಕು ಆ ತಾಯಿಯದು. ಅಳು ತರಿಸುವ ಚಿತ್ರ ಒಂದು ವಾರ ಹಣ ತಂದೀತು. ಆದರೆ ಪಡ್ರೆಯಲ್ಲಿ ವಿಷ ನಿಂತದ್ದು ಕಣ್ಣೀರೊಂದರಿಂದಲೇ ಅಲ್ಲ. ಯಾವ ವಿಷ, ಯಾರು ಸುರಿದದ್ದು, ಯಾವ ತೋಡಿನಲ್ಲಿ ಇಳಿದದ್ದು ಎಂದು ಬಿಡದೆ ಬರೆದದ್ದರಿಂದ. ಬರೆದವರು ಅದೇ ಊರಿನ ನೀರು ಕುಡಿಯುವವರಾಗಿದ್ದರು. ಶ್ರೀಪಡ್ರೆಯವರ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಡುವ ಕೆಲಸವನ್ನು ದಶಕಗಳಿಂದ ಮಾಡುತ್ತ ಬಂದಿರುವುದೂ ಇದೇ ಅರಿವಿನಿಂದ ಇರಬೇಕು. ಕಷ್ಟ ಉಂಡವರೇ ಬರೆಯುವಂತಾದರೆ ಅದಕ್ಕಿಂತ ದೊಡ್ಡ ನೆರವಿಲ್ಲ. ಅಲ್ಲಿಯವರೆಗೆ ನಮ್ಮಂಥವರು ಬರೆಯಬೇಕು, ಅವರನ್ನು ಕೇಳಿ ಬರೆಯಬೇಕು.

ಸುದ್ದಿ ತಣ್ಣಗಾದ ಮೇಲೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳಕ್ಕೆ ಹೇಳಿತು. 2022ರ ಮೇನಲ್ಲಿ ಅದೇ ಕೋರ್ಟ್ ಲೆಕ್ಕ ಕೇಳಿದಾಗ 3,704 ಮಂದಿಯ ಪೈಕಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಆ ಐದು ವರ್ಷ ಕ್ಯಾಮೆರಾಗಳು ಬೇರೆಲ್ಲೋ ಇದ್ದವು.

ಇವತ್ತು ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ನಿಮ್ಮ ಊರಿನ ಒಂದು ಮನೆಯ ಕಷ್ಟವನ್ನು ನೀವು ವಿಡಿಯೋ ಮಾಡಿ ಹಾಕುವವರಾದರೆ ಮೊದಲು ಆ ಮನೆಯವರಿಗೇ ತೋರಿಸಿ, ಅವರು ಬೇಡವೆಂದದ್ದನ್ನು ತೆಗೆಯಿರಿ. ಅರ್ಜಿ ಯಾವ ಕಚೇರಿಯಲ್ಲಿ ನಿಂತಿದೆ ಎಂಬುದನ್ನೂ ಸೇರಿಸಿ. ಆರು ತಿಂಗಳು ಬಿಟ್ಟು ಅದೇ ಮನೆಗೆ ಮತ್ತೆ ಹೋಗಿ, ಮಾಸಾಶನ ಬಂತೇ ಎಂದು ಕೇಳಿ, ಬಂದಿಲ್ಲವಾದರೆ ಅದನ್ನೂ ಬರೆಯಿರಿ.